ತಲೆ ಚಿಟ್ಟು ಹಿಡಿಯುವ ಮುನ್ನ: ದಿನನಿತ್ಯದ ಗದ್ದಲವನ್ನು ನಿಭಾಯಿಸುವ ಬಗೆ

ಮೊದಲು ಒಂದು ಹಳೆಯ ಪ್ರಯೋಗದ ವಿಷಯ ಹೇಳಿಬಿಡುತ್ತೇನೆ. ಇವತ್ತು ಹೇಳಬೇಕಾದ ಬಹುಪಾಲು ಮಾತು ಅದರಿಂದಲೇ ಹುಟ್ಟುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಒಂದಷ್ಟು ಜನರನ್ನು ಕೂರಿಸಿ, ಸಣ್ಣಪುಟ್ಟ ಲೆಕ್ಕದ ಕೆಲಸ ಕೊಟ್ಟು, ನಡುನಡುವೆ ಕಿವಿಗಡಚಿಕ್ಕುವ ಸದ್ದು ಕೇಳಿಸಿದರು. ಕೆಲವರಿಗೆ ಆ ಸದ್ದು ನಿಗದಿತ ಅಂತರದಲ್ಲಿ ಬರುತ್ತಿತ್ತು. ಉಳಿದವರಿಗೆ ಯಾವಾಗ ಬರುತ್ತದೆಂದೇ ತಿಳಿಯುತ್ತಿರಲಿಲ್ಲ. ಸದ್ದು ನಡೆಯುತ್ತಿರುವಷ್ಟು ಹೊತ್ತು ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದರು, ಬೇಗನೆ ಒಗ್ಗಿಕೊಂಡರು. ವ್ಯತ್ಯಾಸ ಕಂಡದ್ದು ಸದ್ದು ನಿಂತ ಮೇಲೆ. ಬಿಡಿಸಲಾಗದ ಒಗಟುಗಳನ್ನೂ ಕರಡು ತಿದ್ದುವ ಕೆಲಸವನ್ನೂ ಕೊಟ್ಟಾಗ, ಹೇಳದೆ ಕೇಳದೆ ಬರುವ ಸದ್ದನ್ನು ಸಹಿಸಿದ್ದವರು ಬೇಗ ಕೈಚೆಲ್ಲಿದರು, ಹೆಚ್ಚು ತಪ್ಪುಗಳನ್ನು ನೋಡದೇ ದಾಟಿಹೋದರು.

ಇನ್ನೊಂದು ಸುತ್ತಿನಲ್ಲಿ ಕೆಲವರ ಪಕ್ಕದಲ್ಲಿ ಒಂದು ಗುಂಡಿ ಇಟ್ಟರು. ತೀರಾ ಆಗದಿದ್ದರೆ ಒತ್ತಿ ಸದ್ದು ನಿಲ್ಲಿಸಬಹುದು, ಒತ್ತದಿದ್ದರೆ ನಮಗೆ ಅನುಕೂಲ ಎಂದು ಹೇಳಿದರು. ಅವರು ಗುಂಡಿ ಒತ್ತಲಿಲ್ಲ, ಉಳಿದವರಷ್ಟೇ ಸದ್ದು ಕೇಳಿದರು. ಆದರೂ ಆಮೇಲಿನ ಒಗಟಿನ ಮುಂದೆ ಅವರ ತಾಳ್ಮೆ ಬಹಳ ಚೆನ್ನಾಗಿ ಉಳಿದಿತ್ತು.

ಇದರಲ್ಲಿ ನಮಗೆ ಬೇಕಾದ ಎರಡು ಮಾತಿವೆ. ಸದ್ದು ಯಾವಾಗ ಬರುತ್ತದೆ ಎಂಬ ತಿಳಿವಳಿಕೆ, ಬೇಡವಾದಾಗ ನಿಲ್ಲಿಸುವ ಅಥವಾ ಎದ್ದುಹೋಗುವ ದಾರಿ, ಇವೆರಡೂ ಇದ್ದರೆ ಅದೇ ಸದ್ದಿನ ಹೊರೆ ಇಳಿಯುತ್ತದೆ. ಇದು ಮೊದಲನೆಯದು. ಎರಡನೆಯದು, ಬೆಲೆ ತೆರುವುದು ಆಮೇಲೆ. ಗದ್ದಲದ ಜಾಗದಲ್ಲಿ ನಗುನಗುತ್ತಾ ಇದ್ದವರು ಮನೆಗೆ ಬಂದು ಸಿಡಿಮಿಡಿಗೊಂಡರೆ "ಅಲ್ಲಿ ಚೆನ್ನಾಗಿಯೇ ಇದ್ದೆಯಲ್ಲ, ಇಲ್ಲಿ ಏನಾಯಿತು" ಎಂದು ಕೇಳುತ್ತೇವೆ. ಅಲ್ಲಿ ಚೆನ್ನಾಗಿರುವುದಕ್ಕೆ ಖರ್ಚಾದದ್ದರ ಲೆಕ್ಕ ಇಲ್ಲಿ ತೀರುತ್ತಿರುತ್ತದೆ. ದಯವಿಟ್ಟು ಆ ಪ್ರಶ್ನೆ ಕೇಳಬೇಡಿ.

ಈಗ ಡೆಸಿಬೆಲ್ ಲೆಕ್ಕ. ಇದನ್ನು ತಪ್ಪಾಗಿ ಓದಿ ಬಹಳ ಜನ ತೊಂದರೆಯಲ್ಲಿರುವವರ ಬಾಯಿ ಮುಚ್ಚಿಸುತ್ತಾರೆ. ಡೆಸಿಬೆಲ್ ಅಂಕಿ ಕೂಡುವ ಲೆಕ್ಕದಲ್ಲಿ ಏರುವುದಿಲ್ಲ, ಗುಣಿಸುವ ಲೆಕ್ಕದಲ್ಲಿ ಏರುತ್ತದೆ. 10 ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ 10 ಪಟ್ಟು. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. 3 ಡೆಸಿಬೆಲ್ ಹೆಚ್ಚಾದರೆ ಶಕ್ತಿ ದುಪ್ಪಟ್ಟು. ಕೆಲಸದ ಜಾಗಗಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಸೂಚಿಸಿದ ಮಿತಿ 85 ಡೆಸಿಬೆಲ್, 8 ಗಂಟೆ. 88 ಆದರೆ 4 ಗಂಟೆ, 91 ಆದರೆ 2 ಗಂಟೆ. ಈ ಮಿತಿ ಇರುವುದು ಕಿವಿಯೊಳಗಿನ ರೋಮಕೋಶಗಳು ಸಾಯದಿರಲಿ ಎಂದು. ತಲೆ ಚಿಟ್ಟು ಹಿಡಿಯುವುದಕ್ಕೆ 85 ಬೇಕಾಗಿಯೇ ಇಲ್ಲ. ಮಾಮೂಲಿ ಮಾತುಕತೆ ಸುಮಾರು 60 ಡೆಸಿಬೆಲ್. ಅಂಥ ಎರಡು ಮಾತುಕತೆ ಒಟ್ಟಿಗೆ ನಡೆದರೆ ಮಾಪಕ 63 ತೋರಿಸುತ್ತದೆ, ಕೇವಲ 3 ಹೆಚ್ಚು. ಮಿದುಳಿಗೆ ಮಾತ್ರ ಕೆಲಸ ದುಪ್ಪಟ್ಟಾಗಿರುತ್ತದೆ, ಎರಡು ದನಿಗಳನ್ನು ಬಿಡಿಸಿ ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಬೇಕು. ಇದಕ್ಕೆ ಮೂರನೆಯದಾಗಿ ಟಿವಿ, ನಾಲ್ಕನೆಯದಾಗಿ ಮಿಕ್ಸರ್ ಸೇರಲಿ. "ಅಷ್ಟೇನೂ ಜೋರಿಲ್ಲವಲ್ಲ" ಎಂಬ ಮಾತು ಮಾಪಕದ ಮಟ್ಟಿಗೆ ನಿಜ, ಮನುಷ್ಯನ ಮಟ್ಟಿಗೆ ಅಲ್ಲ.

ಒಂದು ನಿಮಿಷ ಈ ಸಭಾಂಗಣದ ಸದ್ದುಗಳನ್ನೇ ಎಣಿಸಿ ನೋಡಿ. ಫ್ಯಾನು, ದೀಪದ ಗುಂಯ್ ಸದ್ದು, ಹಿಂದಿನ ಸಾಲಿನ ಪಿಸುಮಾತು, ಹೊರಗಿನ ಗಾಡಿ, ಯಾರದೋ ಕುರ್ಚಿಯ ಕಿರುಗುಟ್ಟು. ನಾನು ಹೇಳುವ ತನಕ ಇವು ನಿಮಗೆ ಕೇಳಿಸಿರಲಿಲ್ಲ ಅಂದರೆ ನಿಮ್ಮ ಮಿದುಳು ಅವನ್ನು ಸೋಸಿ ಬಿಸಾಡುತ್ತಿತ್ತು ಎಂದರ್ಥ. ಮೊದಲೇ ಕೇಳಿಸುತ್ತಿದ್ದವರು ಕೂಡ ಇಲ್ಲಿ ಇದ್ದೇ ಇರುತ್ತಾರೆ. ಅವರು ನನ್ನ ಮಾತಿನ ಜೊತೆಗೆ ಈ ಐದನ್ನೂ ಹೊತ್ತು ಕುಳಿತಿದ್ದಾರೆ.

ಸೋಸುವ ಈ ಕೆಲಸ ಪುಕ್ಕಟೆ ನಡೆಯುವುದಿಲ್ಲ. ನಿದ್ದೆಗೆಟ್ಟಾಗ, ಹಸಿದಾಗ, ಜ್ವರ ಬಂದಾಗ, ಆತಂಕದಲ್ಲಿರುವಾಗ ಅದು ಸಡಿಲಾಗುತ್ತದೆ. ಹಾಗಾಗಿ ನಿನ್ನೆ ಸಹಿಸಿದ ಸದ್ದನ್ನು ಇವತ್ತು ಸಹಿಸಲಾಗದಿದ್ದರೆ ಅದು ನಾಟಕವಲ್ಲ. ಮೈಗ್ರೇನ್ ಇರುವವರಿಗೆ ಸದ್ದು ಸೇರದಿರುವುದು ರೋಗ ಗುರುತಿಸುವ ಲಕ್ಷಣಗಳಲ್ಲೇ ಒಂದು. ಆಟಿಸಂನಲ್ಲಿ ಇಂದ್ರಿಯಗಳ ಅತಿ ಸಂವೇದನೆಯನ್ನು, ಮನೋವೈದ್ಯರು ರೋಗ ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಅಧಿಕೃತ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರಲ್ಲಿ, ತಲೆಗೆ ಪೆಟ್ಟು ಬಿದ್ದವರಲ್ಲಿ, ಆಘಾತದ ಅನುಭವದಿಂದ ಬಂದವರಲ್ಲಿ ಇದು ಬಹಳ ಸಾಮಾನ್ಯ.

ಆದರೆ ಎಲ್ಲರ ತೊಂದರೆಯೂ ಒಂದೇ ಅಲ್ಲ, ಇದನ್ನು ಬೇರ್ಪಡಿಸದಿದ್ದರೆ ಮದ್ದು ಅಡ್ಡದಾರಿ ಹಿಡಿಯುತ್ತದೆ. ಎಲ್ಲರಿಗೂ ಸಾಧಾರಣವೆನಿಸುವ ಸದ್ದು ನಿಮಗೆ ಅತಿ ಜೋರಾಗಿ, ನೋವಾಗುವಷ್ಟು ಕೇಳಿಸಿದರೆ ಅದು ಹೈಪರ್‌ಅಕ್ಯೂಸಿಸ್. ಅಗಿಯುವುದು, ಮೂಗೆಳೆಯುವುದು, ಪೆನ್ನು ಕುಟ್ಟುವುದು ಇಂಥ ಕೆಲವೇ ಸದ್ದುಗಳಿಗೆ, ಅವು ಎಷ್ಟು ಮೆಲ್ಲಗಿದ್ದರೂ, ಮೈಯುರಿಯುವಷ್ಟು ಸಿಟ್ಟು ಬಂದರೆ ಅದು ಮಿಸೊಫೋನಿಯಾ. ವಯಸ್ಸಾದವರಲ್ಲಿ ಇನ್ನೊಂದು ಬಗೆ ಇದೆ: ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಸ್ವಲ್ಪ ಜೋರಾಗಿ ಹೇಳಿದರೆ "ಯಾಕೆ ಕಿರುಚುತ್ತೀಯಾ" ಎನ್ನುತ್ತಾರೆ. ಅವರು ಹಟ ಮಾಡುತ್ತಿಲ್ಲ. ಒಳಕಿವಿಯ ಕೋಶಗಳು ಕೆಟ್ಟಾಗ ಕೇಳಿಸದ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವಿನ ಅಂತರ ಕುಗ್ಗಿಬಿಡುತ್ತದೆ. ಅಂಥವರೊಡನೆ ದನಿ ಏರಿಸಬೇಡಿ. ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ.

ವೈದ್ಯರ ಬಳಿ ತಡಮಾಡದೆ ಹೋಗಬೇಕಾದ ಸಂದರ್ಭಗಳು ಹೀಗಿವೆ. ಸದ್ದು ಸೇರದಿರುವುದು ಇದ್ದಕ್ಕಿದ್ದಂತೆ ಶುರುವಾಗಿದೆ, ಒಂದೇ ಕಿವಿಯಲ್ಲಿದೆ, ಜೊತೆಗೆ ತಲೆಸುತ್ತು, ಕಿವಿಯಲ್ಲಿ ಮೊರೆತ ಅಥವಾ ಕಿವಿ ಮಂದವಾಗಿದೆ, ಮುಖದ ಒಂದು ಬದಿ ಸೊಟ್ಟಗಾಗಿದೆ. ಈ ಕೊನೆಯದಕ್ಕೆ ಕಾರಣ ಸರಳ. ಮಧ್ಯಕಿವಿಯ ಪುಟ್ಟ ಸ್ನಾಯುವೊಂದು ಜೋರು ಸದ್ದಿಗೆ ಬಿಗಿದುಕೊಂಡು ಒಳಹೋಗುವ ಶಕ್ತಿಯನ್ನು ತಗ್ಗಿಸುತ್ತದೆ. ಅದನ್ನು ನಡೆಸುವುದು ಮುಖದ ನರ. ಆ ನರ ಸೋತರೆ ಸ್ನಾಯುವೂ ಸೋಲುತ್ತದೆ, ಆ ಬದಿಯ ಕಿವಿಗೆ ಎಲ್ಲವೂ ಜೋರಾಗುತ್ತದೆ.

ಇನ್ನು ಮಾಡಬೇಕಾದ ಕೆಲಸಕ್ಕೆ ಬರೋಣ. ಏನನ್ನೂ ಕೊಳ್ಳುವ ಮೊದಲು 7 ದಿನ ಬರೆದಿಡಿ. ಹೊತ್ತು, ಜಾಗ, ಯಾವ ಸದ್ದು, ಒಟ್ಟಿಗೆ ಎಷ್ಟು ಸದ್ದು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಕೊನೆಯ ಊಟ ಯಾವಾಗ, 0ರಿಂದ 10ರಲ್ಲಿ ಎಷ್ಟು ಕಷ್ಟ, ಸರಿಹೋಗಲು ಎಷ್ಟು ನಿಮಿಷ ಹಿಡಿಯಿತು. ಕೊನೆಯ ಅಂಕಣವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನಮಗೆ ಅತಿ ಮುಖ್ಯವಾದದ್ದು ಅದೇ. ಜೋರು ಸದ್ದೊಂದು 5 ನಿಮಿಷದಲ್ಲಿ ಮರೆತುಹೋಗಿ, ಮೆಲ್ಲಗಿನ ಗುನುಗು 2 ಗಂಟೆ ಕಾಡಿದ್ದರೆ, ಮೊದಲು ಕೈಹಾಕಬೇಕಾದದ್ದು ಗುನುಗಿಗೆ. ಫೋನಿನ ಸದ್ದು ಅಳೆಯುವ ಆ್ಯಪ್ ಬಳಸಬಹುದು, ಆದರೆ ಅದರ ಅಂಕಿಯನ್ನು ಪ್ರಮಾಣವೆಂದು ಹಿಡಿಯಬೇಡಿ. ಒಂದೇ ಫೋನಿನಲ್ಲಿ ಎರಡು ಜಾಗಗಳನ್ನು ಹೋಲಿಸಲು ಅದು ಸಾಕು.

ಮನೆಯಲ್ಲಿ ಮೊದಲ ಕೆಲಸ ಕಳೆಯುವುದು. ಯಾರೂ ನೋಡದ ಟಿವಿ ಆರಿಸಿ. ಫೋನಿನ ಸೂಚನೆಗಳಲ್ಲಿ ಕರೆ ಮತ್ತು ಅಲಾರಂ ಬಿಟ್ಟು ಉಳಿದವನ್ನು ಮೌನವಾಗಿಸಿ. ಕುರ್ಚಿ ಕಾಲಿಗೆ ಫೆಲ್ಟ್ ತುಂಡು ಅಂಟಿಸಿ, ಬಡಿಯುವ ಕಪಾಟಿನ ಬಾಗಿಲಿಗೆ ಸಣ್ಣ ರಬ್ಬರ್ ಬೊಟ್ಟು ಹಚ್ಚಿ. ವಾಷಿಂಗ್ ಮೆಷಿನ್ ಒದ್ದಾಡುತ್ತಿದ್ದರೆ ಮೊದಲು ಅದರ ನಾಲ್ಕು ಕಾಲನ್ನು ತಿರುಗಿಸಿ ಮಟ್ಟ ಮಾಡಿ, ಆಮೇಲೆ ರಬ್ಬರ್ ಪ್ಯಾಡ್. ಮಟ್ಟವಿಲ್ಲದ ಯಂತ್ರದ ಕೆಳಗೆ ಪ್ಯಾಡ್ ಇಟ್ಟರೆ ಅದು ಇನ್ನಷ್ಟು ಓಲಾಡುತ್ತದೆ. ಮಿಕ್ಸರ್, ವ್ಯಾಕ್ಯೂಮ್ ಇಂಥವುಗಳಿಗೆ ಮನೆಯಲ್ಲಿ ಹೊತ್ತು ಗೊತ್ತುಮಾಡಿ, ಹಾಕುವ ಮೊದಲು "ಹಾಕುತ್ತಿದ್ದೇನೆ" ಎಂದು ಒಂದು ಮಾತು ಹೇಳಿ. ಗ್ಲಾಸ್ ಮತ್ತು ಸಿಂಗರ್ ಅವರ ಪ್ರಯೋಗ ನೆನಪಿದೆಯಲ್ಲ? ಆ ಒಂದು ಮಾತಿನಿಂದ ಸದ್ದಿನ ಜೋರು ಎಳ್ಳಷ್ಟೂ ಇಳಿಯುವುದಿಲ್ಲ, ಬೆಚ್ಚಿಬೀಳುವುದು ತಪ್ಪುತ್ತದೆ.

ಆಮೇಲೆ ಕೋಣೆ. ಇಲ್ಲಿ ಜನ ಹಣ ಕಳೆದುಕೊಳ್ಳುವುದು ಎರಡು ಬೇರೆ ಕೆಲಸಗಳನ್ನು ಒಂದೆಂದು ತಿಳಿದು. ಸದ್ದನ್ನು ಹೀರುವುದು ಬೇರೆ, ತಡೆಯುವುದು ಬೇರೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ವ್ಯಾಲೆಸ್ ಸಬೀನ್ ಎಂಬ ತರುಣ ಅಧ್ಯಾಪಕರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಒಂದೊಂದಾಗಿ ಹರಡುತ್ತಾ, ಸದ್ದು ಅಡಗುವ ಹೊತ್ತನ್ನು ಅಳೆದರು. ಕೋಣೆಗಳ ಧ್ವನಿವಿಜ್ಞಾನ ಹುಟ್ಟಿದ್ದು ಆ ಮೆತ್ತೆಗಳಿಂದ. ನಿಮ್ಮ ಕೋಣೆಯಲ್ಲೂ ಅದೇ ನಡೆಯುತ್ತದೆ. ಬರಿಯ ಗೋಡೆ, ಟೈಲ್ಸ್, ಗಾಜು ಇದ್ದರೆ ಒಳಗಿನ ಸದ್ದು ಪುಟಿಯುತ್ತಲೇ ಇರುತ್ತದೆ. ದಪ್ಪ ಜಮಖಾನ, ನೆರಿಗೆ ತುಂಬಿದ ಪರದೆ, ಮೆತ್ತನೆ ಸೋಫಾ, ಪುಸ್ತಕ ತುಂಬಿದ ಕಪಾಟು ಅದನ್ನು ತಗ್ಗಿಸುತ್ತವೆ. ಚಪ್ಪಾಳೆ ತಟ್ಟಿ ನೋಡಿ. ಹಿಂದೆ ಝಣ್ ಎಂಬ ಬಾಲ ಉಳಿದರೆ ಕೋಣೆಗೆ ಇನ್ನೂ ಮೆತ್ತನೆಯ ವಸ್ತು ಬೇಕು.

ಹೊರಗಿನ ಗಾಡಿಯ ಸದ್ದನ್ನು ಮಾತ್ರ ಪರದೆ ತಡೆಯಲಾರದು. ಅದಕ್ಕೆ ಬೇಕಾದದ್ದು ಭಾರ ಮತ್ತು ಸಂದಿಯಿಲ್ಲದ ಮುಚ್ಚುವಿಕೆ. ಗೋಡೆಯ ಒಟ್ಟು ವಿಸ್ತಾರದಲ್ಲಿ ನೂರಕ್ಕೆ ಒಂದು ಪಾಲು ಸಂದಿ ಇದ್ದರೂ, ಉಳಿದ ಗೋಡೆ ಎಷ್ಟೇ ದಪ್ಪವಿರಲಿ, ಅದು ತಡೆಯುವುದು ಹೆಚ್ಚೆಂದರೆ 20 ಡೆಸಿಬೆಲ್. ಆದ್ದರಿಂದ ಗೋಡೆಗೆ ಫೋಮ್ ಹಚ್ಚುವ ಮೊದಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ, ಕಿಟಕಿ ಚೌಕಟ್ಟಿನ ಸುತ್ತ ಸೀಲ್ ಅಂಟಿಸಿ. ರಾತ್ರಿ ದೀಪ ಆರಿಸಿದ ಕೋಣೆಯಲ್ಲಿ ನಿಂತು ನೋಡಿದರೆ ಹೊರಗಿನ ಬೆಳಕು ತೂರುವ ಕಡೆಯೆಲ್ಲ ಸದ್ದೂ ತೂರುತ್ತದೆ. ಒಲೆ, ಗೀಸರ್ ಏನಾದರೂ ಅನಿಲದಿಂದ ಉರಿಯುವ ಕೋಣೆಯಲ್ಲಿ ಮಾತ್ರ ಗಾಳಿಯ ದಾರಿ ಮುಚ್ಚಬೇಡಿ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವುದರಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಅವು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತವೆ.

ಕಿವಿಗೆ ಹಾಕುವ ಸಾಧನಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತಪ್ಪು ಆಗುವುದೆಲ್ಲ ಇಲ್ಲೇ. ಫೋಮ್ ಇಯರ್‌ಪ್ಲಗ್ ಹಾಕುವ ಕ್ರಮ: ಕೈ ತೊಳೆದು ಒರೆಸಿಕೊಳ್ಳಿ. ಪ್ಲಗ್ಗನ್ನು ಬೆರಳ ನಡುವೆ ನೆರಿಗೆ ಬೀಳದಂತೆ ಹೊಸೆದು ಸಣ್ಣ ಕಡ್ಡಿಯಷ್ಟು ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ನಾಳ ನೆಟ್ಟಗಾಗುತ್ತದೆ. ಪ್ಲಗ್ ಒಳಗೆ ಜಾರಿಸಿ, ಬೆರಳಿನಿಂದ 20ರಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಹಳ ಜನ ಎಡವುವುದು ಇಲ್ಲಿ. ಕೂಡಲೇ ಕೈಬಿಟ್ಟರೆ ಪ್ಲಗ್ ಉಬ್ಬುತ್ತಾ ಹೊರಕ್ಕೆ ಬರುತ್ತದೆ. ಕೂತಿದೆಯೇ ಎಂದು ನೋಡಲು ಎರಡೂ ಅಂಗೈಯಿಂದ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ಬಿಡಿ. ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಸರಿಯಾಗಿ ಕೂತಿದೆ. ನಿಮ್ಮ ದನಿ ನಿಮಗೇ ಬಾವಿಯೊಳಗಿಂದ ಬಂದಂತೆ ಕೇಳಿಸುವುದೂ ಒಳ್ಳೆಯ ಗುರುತು. ತೆಗೆಯುವಾಗ ತಿರುಗಿಸುತ್ತಾ ನಿಧಾನ ಎಳೆಯಿರಿ, ಗಬಕ್ಕನೆ ಎಳೆದರೆ ಕಿವಿತಮಟೆಗೆ ನೋವಾಗುತ್ತದೆ.

ಪೊಟ್ಟಣದ ಮೇಲಿನ ಅಂಕಿ ಪ್ರಯೋಗಾಲಯದ್ದು. ಎನ್‌ಆರ್‌ಆರ್ (ಸದ್ದು ತಗ್ಗಿಸುವ ಪ್ರಮಾಣ) 33 ಎಂದಿದ್ದರೆ 33 ಡೆಸಿಬೆಲ್ ಇಳಿಯುತ್ತದೆಂದು ನಂಬಬೇಡಿ. ಅದರಿಂದ 7 ಕಳೆದು ಅರ್ಧ ಮಾಡಿ, ಅಂದರೆ 13. ಲೆಕ್ಕಕ್ಕೆ ಅಷ್ಟನ್ನೇ ಹಿಡಿಯುವುದು ಕ್ಷೇಮ. ಪ್ಲಗ್ಗಿನ ಮೇಲೆ ಇಯರ್‌ಮಫ್ (ಇಡೀ ಕಿವಿಯನ್ನು ಹೊರಗಿನಿಂದ ಮುಚ್ಚುವ ಬಟ್ಟಲು) ಕೂಡ ಹಾಕಿದರೆ ಎರಡೂ ಅಂಕಿ ಕೂಡುವುದಿಲ್ಲ, ಸುಮಾರು 5 ಡೆಸಿಬೆಲ್ ಮಾತ್ರ ಹೆಚ್ಚು ಸಿಗುತ್ತದೆ, ಏಕೆಂದರೆ ತಲೆಬುರುಡೆಯ ಮೂಳೆಯ ಮೂಲಕವೂ ಸದ್ದು ಒಳಗೆ ಬರುತ್ತದೆ. ಕನ್ನಡಕದ ಕಡ್ಡಿ ಮಫ್‌ನ ಮೆತ್ತೆಯನ್ನು ಎತ್ತಿ ಸಂದಿ ಮಾಡುತ್ತದೆ, ತೆಳ್ಳನೆ ಕಡ್ಡಿಯ ಕನ್ನಡಕ ಒಳ್ಳೆಯದು. ಫೋಮ್ ಪ್ಲಗ್ ಕೀರಲು ಸದ್ದನ್ನು ಹೆಚ್ಚು ತಡೆದು ಮಾತನ್ನು ಮಂಕಾಗಿಸುತ್ತದೆ. ಜನರ ನಡುವೆ ಮಾತಾಡುತ್ತಾ ಇರಬೇಕಾದರೆ ಎಲ್ಲ ಸ್ವರಗಳನ್ನೂ ಸಮವಾಗಿ ಇಳಿಸುವ ಫಿಲ್ಟರ್ ಪ್ಲಗ್ ತೆಗೆದುಕೊಳ್ಳಿ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಫ್ಯಾನ್, ಎಂಜಿನ್, ಏಸಿ ಇಂಥ ಒಂದೇ ಸಮ ಮೊರೆಯುವ ತಗ್ಗು ಸದ್ದಿಗೆ ಬಹಳ ಒಳ್ಳೆಯದು. ಮಗುವಿನ ಕಿರುಚಾಟ, ಪಾತ್ರೆ ಬಿದ್ದ ಸದ್ದು, ಪಕ್ಕದವರ ಮಾತು ಅದಕ್ಕೆ ಅಷ್ಟಾಗಿ ಸಿಗುವುದಿಲ್ಲ. ಇವುಗಳಿಗೆ ದುಬಾರಿ ಹೆಡ್‌ಫೋನ್ ತಂದು ನಿರಾಶರಾಗಬೇಡಿ, ಸಾದಾ ಇಯರ್‌ಮಫ್ ಹೆಚ್ಚು ಕೆಲಸ ಮಾಡುತ್ತದೆ. ಇದಾವುದನ್ನೂ ಹಾಕಿಕೊಂಡು ಗಾಡಿ ಓಡಿಸಬೇಡಿ, ರಸ್ತೆ ದಾಟಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ದಿನವಿಡೀ ಕಿವಿ ಮುಚ್ಚಿಕೊಂಡೇ ಇರಬೇಡಿ. ಕ್ರೇಗ್ ಫಾರ್ಮ್‌ಬಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಾರ ಸತತ ಇಯರ್‌ಪ್ಲಗ್ ಹಾಕಿಕೊಂಡವರಿಗೆ ಆಮೇಲೆ ಅದೇ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು. ಕಿವಿಯ ಬಳಿ ಮೆಲ್ಲನೆಯ ಸದ್ದು ಸತತವಾಗಿ ಕೇಳಿದವರಿಗೆ ಸಹನೆ ಹೆಚ್ಚಿತು. ಒಳಗೆ ಬರುವುದು ಕಡಿಮೆಯಾದರೆ ಮಿದುಳು ತನ್ನ ಕಡೆಯಿಂದ ಸದ್ದನ್ನು ಏರಿಸಿಕೊಳ್ಳುತ್ತದೆ. ನೆಮ್ಮದಿಗೆಂದು ಹಾಕಿದ ಪ್ಲಗ್ ತಿಂಗಳುಗಟ್ಟಲೆಯಲ್ಲಿ ನಿಮ್ಮನ್ನು ಇನ್ನಷ್ಟು ಸೂಕ್ಷ್ಮವಾಗಿಸುವುದು ಹೀಗೆ. ಗದ್ದಲಕ್ಕೆ ಹೋಗುವಾಗ ಹಾಕಿ, ಹೊರಬಂದ ಮೇಲೆ ತೆಗೆಯಿರಿ. ಈಗಾಗಲೇ ಇಡೀ ದಿನ ಹಾಕುವ ಅಭ್ಯಾಸವಾಗಿದ್ದರೆ ಒಮ್ಮೆಲೇ ಬಿಡಬೇಡಿ. ಮನೆಯ ಶಾಂತ ಹೊತ್ತಿನಲ್ಲಿ 10 ನಿಮಿಷ ತೆಗೆದಿಡಿ, ಕೆಲವು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಹಿನ್ನೆಲೆಯಲ್ಲಿ ಫ್ಯಾನಿನಂಥ ಒಂದೇ ಸಮದ ಮೆಲುಸದ್ದು ಇರಲಿ. ಅದು ಮಾತನ್ನು ಪೂರ್ತಿ ಮುಚ್ಚಿಹಾಕುವಷ್ಟು ಜೋರಿರಬಾರದು. ಕಿವಿಯಲ್ಲಿ ನೋವು ಬರುವವರು ಇದನ್ನು ತಾವೇ ಮಾಡದೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮಾರ್ಗದರ್ಶನದಲ್ಲಿ ಮಾಡಲಿ.

ಹೊರಗೆ ಹೋಗುವ ದಿನ ಮೂರು ವಿಷಯ ಮೊದಲೇ ತೀರ್ಮಾನಿಸಿ: ಎಷ್ಟು ಹೊತ್ತು ಇರುತ್ತೀರಿ, ಎಲ್ಲಿ ಕೂರುತ್ತೀರಿ, ಎದ್ದುಹೋಗುವುದು ಹೇಗೆ. ಸ್ಪೀಕರ್‌ನಿಂದ ದೂರ, ಬೆನ್ನಿಗೆ ಗೋಡೆ, ಬಾಗಿಲಿಗೆ ಹತ್ತಿರ. ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಸದ್ದು ಪುಟಿಯುವ ಹಾಲ್‌ನಲ್ಲಿ ಅಷ್ಟು ಇಳಿಯುವುದಿಲ್ಲ, ಅಲ್ಲಿ ಹೊರಗೆ ಹೋಗಿ ಬರುವುದೇ ದಾರಿ. ಪ್ಲಗ್ಗನ್ನು ಒಳಗೆ ಕಾಲಿಡುವ ಮೊದಲೇ ಹಾಕಿ, ತಲೆ ಕೆಟ್ಟ ಮೇಲಲ್ಲ. ಅಂಥ ಎರಡು ಕೆಲಸಗಳನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ವಾಪಸು ಬಂದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಿಸದ ಹೊತ್ತನ್ನು ಕಾರ್ಯಕ್ರಮದ ಭಾಗವಾಗಿಯೇ ಲೆಕ್ಕ ಹಾಕಿ.

ಇಷ್ಟಾದರೂ ಕೆಲವೊಮ್ಮೆ ಮೀರಿಹೋಗುತ್ತದೆ. ಮುನ್ಸೂಚನೆಗಳು ಮೈಯಲ್ಲೇ ಕಾಣುತ್ತವೆ: ಹಲ್ಲು ಕಚ್ಚಿರುತ್ತೀರಿ, ಹೆಗಲು ಮೇಲೆ ಬಂದಿರುತ್ತದೆ, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತೀರಿ, ಎದುರಿನವರ ಮಾತು ಕೇಳಿಸಿದರೂ ಅರ್ಥವಾಗುವುದಿಲ್ಲ. ಅಲ್ಲೇ ಏಳಿ. "ಇನ್ನೊಂದು ಐದು ನಿಮಿಷ" ಎಂದು ಕೂತರೆ ಆ ಐದು ನಿಮಿಷಕ್ಕೆ ಇಡೀ ಸಂಜೆ ಹೋಗುತ್ತದೆ. ಮೊದಲು ಜಾಗ ಬಿಡಿ, ಉಸಿರಾಟದ ಅಭ್ಯಾಸ ಆಮೇಲೆ. ಸದ್ದಿನ ನಡುವೆ ಕೂತು ಉಸಿರು ಎಣಿಸುವುದು ಬಹಳ ಜನರಿಗೆ ಆಗುವುದಿಲ್ಲ. ಮೆಟ್ಟಿಲ ಬಳಿ, ನಿಂತ ಕಾರಿನೊಳಗೆ, ಖಾಲಿ ಕೋಣೆಯಲ್ಲಿ, ಎಲ್ಲಿಯಾದರೂ ಸರಿ. ಬೆಳಕು ತಗ್ಗಿಸಿ, ಫೋನ್ ನೋಡಬೇಡಿ. 4 ಎಣಿಸುವಷ್ಟು ಉಸಿರು ಒಳಗೆ, 6 ಎಣಿಸುವಷ್ಟು ಹೊರಗೆ, 5 ನಿಮಿಷ.

ಜೊತೆಯಲ್ಲಿರುವವರು ಏನು ಮಾಡಬೇಕು? ಬಹಳ ಕಡಿಮೆ. ಆ ಹೊತ್ತಿನಲ್ಲಿ ನಿಮ್ಮ ಸಮಾಧಾನದ ಮಾತು ಕೂಡ ಒಂದು ಸದ್ದು. "ಏನಾಯಿತು, ಯಾಕೆ, ನೀರು ಬೇಕಾ, ಡಾಕ್ಟರ ಹತ್ತಿರ ಹೋಗೋಣವಾ" ಎಂದು ಸುರಿಮಳೆ ಮಾಡಬೇಡಿ. ನಿಲ್ಲಿಸಲು ಸಾಧ್ಯವಿರುವ ಒಂದು ಸದ್ದನ್ನು ನಿಲ್ಲಿಸಿ. ತಲೆಯಾಡಿಸಿ ಉತ್ತರಿಸಬಹುದಾದ ಒಂದೇ ಪ್ರಶ್ನೆ ಕೇಳಿ: "ಹೊರಗೆ ಹೋಗೋಣವೇ?" ಕೇಳದೆ ಮುಟ್ಟಬೇಡಿ. ಮಾತು ಹೊರಡದಿರುವವರಿಗೆ ಮೊದಲೇ ಬರೆದಿಟ್ಟ ಸಣ್ಣ ಚೀಟಿ ಅಥವಾ ಫೋನಿನಲ್ಲಿ ಒಂದು ಸಾಲು ಬಹಳ ಉಪಯೋಗ: "ಸದ್ದು ಜಾಸ್ತಿಯಾಗಿದೆ, 15 ನಿಮಿಷ ಬಿಟ್ಟು ಬರುತ್ತೇನೆ."

ಕಚೇರಿಯಲ್ಲಿ ಕೇಳುವಾಗ "ನನಗೆ ಸದ್ದು ಆಗುವುದಿಲ್ಲ" ಎಂದಷ್ಟೇ ಹೇಳಿದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. 7 ದಿನ ಬರೆದಿಟ್ಟ ಡೈರಿ ತೆರೆದು, ಮಾಡಿಕೊಡಬಹುದಾದ ಒಂದು ಬದಲಾವಣೆ ಕೇಳಿ: ಪ್ರಿಂಟರ್‌ನಿಂದ ದೂರದ ಮೇಜು, ಬೆಳಿಗ್ಗೆ 2 ಗಂಟೆ ಹೆಡ್‌ಫೋನ್ ಹಾಕುವ ಅನುಮತಿ, ಹಾದುಹೋಗುವಾಗ ಮಾತಾಡಿಸುವ ಬದಲು ಬರೆದು ಕಳಿಸುವ ಪದ್ಧತಿ. ಎರಡು ವಾರ ನೋಡೋಣ ಎಂದು ಅವಧಿ ಹೇಳಿದರೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಗು ಕಿವಿ ಮುಚ್ಚಿಕೊಂಡು ಅತ್ತರೆ ದೊಡ್ಡವರು "ಏನೂ ಆಗಲ್ಲ" ಎನ್ನುತ್ತಾರೆ. 2019ರಲ್ಲಿ ಕೆನಡಾದ ಶಾಲಾ ಬಾಲಕಿಯೊಬ್ಬಳ ಅಧ್ಯಯನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾರ್ವಜನಿಕ ಶೌಚಾಲಯಗಳಲ್ಲಿ ಕೈ ಒಣಗಿಸುವ ಯಂತ್ರಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲೂ ದೊಡ್ಡವರ ಕಿವಿಯ ಎತ್ತರದಲ್ಲೂ ಅವಳು ಅಳೆದಿದ್ದಳು. ಕೆಲವು ಯಂತ್ರಗಳು 100 ಡೆಸಿಬೆಲ್ ದಾಟಿದ್ದವು. ಮಕ್ಕಳ ಕಿವಿ ಆ ಯಂತ್ರದ ಬಾಯಿಗೆ ನಮ್ಮ ಕಿವಿಗಿಂತ ಹತ್ತಿರ. ಮಗು ನೋವು ಎಂದರೆ ಮೊದಲು ನಂಬಿ, ಕರವಸ್ತ್ರದಲ್ಲಿ ಕೈ ಒರೆಸಿ. ಶಾಲೆಯಲ್ಲಿ ಗಂಟೆ ಹೊಡೆಯುವ ಒಂದು ನಿಮಿಷ ಮೊದಲು ಶಿಕ್ಷಕರು ಬೆರಳು ತೋರಿಸಿ ಸೂಚನೆ ಕೊಡಬಹುದು, ಅಥವಾ ಗಂಟೆಯ ಗುಂಡಿ ಒತ್ತುವ ಕೆಲಸವನ್ನೇ ಆ ಮಗುವಿಗೆ ಒಪ್ಪಿಸಬಹುದು. ಇಯರ್‌ಮಫ್ ಚೀಲದಲ್ಲಿರಲಿ, ಯಾವಾಗ ಹಾಕಬೇಕು ಎಂಬುದನ್ನು ಮಗುವೇ ನಿರ್ಧರಿಸಲಿ, ಪಾಠದ ನಡುವೆ ತೆಗೆ ಎಂದು ಕಿತ್ತುಕೊಳ್ಳಬೇಡಿ, ಗದ್ದಲ ಇಳಿದ ಮೇಲೆ "ಈಗ ತೆಗೆದು ನೋಡ್ತೀಯಾ?" ಎಂದು ಕೇಳಿ.